ನೀರು ಬಂದ ದಾರಿಯಲ್ಲಿ ನಡೆಯಿರಿ, ಜನ ಹೋದ ದಾರಿಯಲ್ಲಿ ಸೈಕಲ್ ತುಳಿಯಿರಿ

ಈ ಸಲದ ವಿಷಯ: ನಗರದೊಳಗೆ ನೆನಪಿನ ಹಾದಿ. ಪುಣೆಯ ನಗರ ವಿನ್ಯಾಸಕರೊಬ್ಬರು ಓದುಗರಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ಧಾರವಾಡ ಕಡೆಯವರು, ಮೂರು ತಲೆಮಾರಿನಿಂದ ಪುಣೆಯ ನಾರಾಯಣ ಪೇಟೆಯಲ್ಲೇ ಇದ್ದೇವೆ. ನಮ್ಮಜ್ಜಿ 1961ರ ಪಾನ್‌ಶೇತ್ ಪ್ರವಾಹ ಕಣ್ಣಾರೆ ಕಂಡವರು. ಅದರ ನೆನಪಿಗೆ ನಡಿಗೆ ಮತ್ತು ಸೈಕಲ್‌ಗೆ ಒಂದು ಹಾದಿ ಮಾಡಬೇಕು ಅಂತ ಗೆಳೆಯರೆಲ್ಲ ಸೇರಿ ಯೋಚಿಸಿದ್ದೇವೆ. ಅಣೆಕಟ್ಟಿನಿಂದ ಬಂಡ್ ಗಾರ್ಡನ್ ಸೇತುವೆವರೆಗೆ ನದಿ ಗುಂಟ 25 ಫಲಕ ಹಾಕುವ ನಕ್ಷೆ ಕಳಿಸಿದ್ದೇವೆ. ಇದು ಸರಿಯಾಗಿದೆಯಾ ಸಾರ್?
– ಓದುಗರು, ನಾರಾಯಣ ಪೇಟೆ, ಪುಣೆ

ಉತ್ತರ: ನಕ್ಷೆ ನೋಡಿದೆ. ಉತ್ಸಾಹ ಚೆನ್ನಾಗಿದೆ, ಹಾದಿ ಜಾಸ್ತಿ ಉದ್ದ ಆಯಿತು. ಪಾನ್‌ಶೇತ್‌ನಿಂದ ಶುರು ಮಾಡಿದರೆ ಅದು ಒಂದು ದಿನದ ಟ್ರಿಪ್ ಆಗುತ್ತದೆ, ಊರಿನ ಹಾದಿ ಆಗುವುದಿಲ್ಲ. ಬೆಳಿಗ್ಗೆ ಹಾಲು ತರಲು ಹೊರಟವರ ಕಾಲಿಗೂ ಸಿಗಬೇಕು, ಅದು ನೆನಪಿನ ಹಾದಿ.

ಮೊದಲು ಆ ದಿನ ಏನಾಯಿತು ಅಂತ ಒಮ್ಮೆ ನೋಡೋಣ. 1961ರ ಜುಲೈ 12ರಂದು ಬೆಳಿಗ್ಗೆ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಅದು ಮಣ್ಣಿನ ಅಣೆಕಟ್ಟು, ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಕೆಳಗಿದ್ದ ಹಳೆಯ ಖಡಕವಾಸಲಾ ಅಣೆಕಟ್ಟು ಆ ನೀರನ್ನು ತಡೆಯಲಾರದೆ ತಾನೂ ಒಡೆಯಿತು. ಮುಠಾ ನದಿ ಪೇಟೆಗಳಿಗೆ ನುಗ್ಗಿತು. ಬಂಡ್ ಗಾರ್ಡನ್ ಸೇತುವೆ ಒಂದನ್ನು ಬಿಟ್ಟು ಊರಿನ ಸೇತುವೆಗಳೆಲ್ಲ ಮುಳುಗಿದವು. ಸೇನೆಯ ಜವಾನರು ಅಣೆಕಟ್ಟಿನ ಮೇಲೆ ಮರಳು ಚೀಲ ಪೇರಿಸಿ ಒಡೆಯುವುದನ್ನು ಕೆಲವು ಗಂಟೆ ಮುಂದೂಡಿದ್ದರು. ಹಾಗಾಗಿ ನೀರು ಬಂದದ್ದು ಹಗಲಲ್ಲಿ. ರಾತ್ರಿ ಬಂದಿದ್ದರೆ ನಿಮ್ಮಜ್ಜಿಯ ಕತೆಯೇ ಬೇರೆ ಆಗುತ್ತಿತ್ತೇನೋ.

ಈಗ ನನ್ನ ಸಲಹೆ. ಒಂದೇ ಹಾದಿಯನ್ನು ನಡಿಗೆಗೂ ಸೈಕಲ್‌ಗೂ ಎಳೆಯಬೇಡಿ, ಎರಡು ಮಾಡಿ. ನಡಿಗೆ ನೀರು ಬಂದ ಜಾಗದಲ್ಲಿ ಇರಲಿ. ಮುಠಾ ನದಿಯ ಸೇತುವೆ ಲಕ್ಡಿ ಪೂಲ್‌ನಿಂದ ಹೊರಟು, ನಾರಾಯಣ ಪೇಟೆಯ ಗಲ್ಲಿಗಳಲ್ಲಿ ಹಾದು, ಶನಿವಾರ ಪೇಟೆಯ ಓಂಕಾರೇಶ್ವರ ದೇವಸ್ಥಾನದವರೆಗೆ ಬಂದರೆ ಸಾಕು. ಎರಡು ಕಿಲೋಮೀಟರಿನೊಳಗೇ ಮುಗಿಯುತ್ತದೆ. ವಯಸ್ಸಾದವರೂ ನಡುವೆ ಎಲ್ಲಾದರೂ ಕೂತು ಒಂದು ಚಹಾ ಕುಡಿದು ಮುಂದೆ ಹೋಗಬಹುದು.

ಸೈಕಲ್ ಹಾದಿ ಮನೆ ಕಳೆದುಕೊಂಡ ಜನ ಎಲ್ಲಿಗೆ ಹೋದರು ಅನ್ನುವುದನ್ನು ಹಿಡಿದು ಹೋಗಲಿ. ಗೋಖಲೆನಗರ, ಸಹಕಾರನಗರ ಎರಡೂ ಪ್ರವಾಹ ಸಂತ್ರಸ್ತರಿಗೆ ಜಾಗ ಕೊಟ್ಟ ಬಡಾವಣೆಗಳು. ಒಂದು ವೇತಾಳ ಗುಡ್ಡದ ಕಡೆ, ಇನ್ನೊಂದು ಪರ್ವತಿ ಗುಡ್ಡದ ಬುಡದಲ್ಲಿ. ಎರಡೂ ಎತ್ತರದ ಜಾಗ, ಗಮನಿಸಿದಿರಾ? ಸೈಕಲ್ ತುಳಿಯುವಾಗ ಆ ಏರು ತೊಡೆಗೇ ಗೊತ್ತಾಗುತ್ತದೆ. ಜನ ಯಾಕೆ ಮೇಲಕ್ಕೆ ಹೋದರು ಅಂತ ಫಲಕ ಹಾಕಿ ಬರೆಯುವ ಅಗತ್ಯವೇ ಇಲ್ಲ. ಪ್ರವಾಹದ ಬಗ್ಗೆ ಮಾತಾಡುವವರು ಮುಳುಗಿದ ಪೇಟೆಗಳಿಗೇ ನಿಲ್ಲುತ್ತಾರೆ. ಆಮೇಲೆ ಪುಣೆ ಹೇಗೆ ಬೆಳೆಯಿತು ಅನ್ನುವ ಅರ್ಧ ಕತೆ ಈ ಬಡಾವಣೆಗಳಲ್ಲಿದೆ.

ಬರ್ಲಿನ್‌ನಲ್ಲಿ ಹೆಚ್ಚುಕಡಿಮೆ ಹೀಗೇ ಮಾಡಿದ್ದಾರೆ. ಗೋಡೆ ಇದ್ದ ಜಾಗವನ್ನು ಊರ ನಡುವೆ ರಸ್ತೆಯಲ್ಲೇ ಎರಡು ಸಾಲು ಕಲ್ಲು ಹಾಸಿ ಗುರುತಿಸಿದ್ದಾರೆ, ನಡೆಯುವವರಿಗೆ ಅಷ್ಟೇ ಸಾಕು. ಗೋಡೆ ಹಾದುಹೋಗಿದ್ದ ಪೂರ್ತಿ ಸುತ್ತು ಸುಮಾರು 160 ಕಿ.ಮೀ., ಅದು ಸೈಕಲ್‌ನವರಿಗೂ ಇದೆ. ಅಮೆರಿಕದ ಬಾಸ್ಟನ್‌ನಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೂ ನೆಲದ ಮೇಲೆ ಕೆಂಪು ಗೆರೆ ಇದೆ, ಅದನ್ನು ಹಿಡಿದು ನಡೆದರೆ ಸ್ವಾತಂತ್ರ್ಯ ಹೋರಾಟದ 16 ಜಾಗ ಸಿಗುತ್ತವೆ. ಯಾರನ್ನೂ ದಾರಿ ಕೇಳಬೇಕಿಲ್ಲ. ನಿಮ್ಮ 25 ಫಲಕಗಳಿಗಿಂತ ಅಂಥ ಒಂದು ಗೆರೆ ಹೆಚ್ಚು ಕೆಲಸ ಮಾಡುತ್ತದೆ. ಆದರೆ ನಮ್ಮಲ್ಲಿ ನೆಲದ ಮೇಲಿನ ಗುರುತು ಬಾಳುವುದು ಕಷ್ಟ. ಮುಂದಿನ ಡಾಂಬರು ಬಿತ್ತೆಂದರೆ ಮುಗಿಯಿತು. ಅದಕ್ಕೇ ಗುರುತು ಗೋಡೆಯ ಮೇಲಿರಲಿ ಅಂತ ನಾನು ಹೇಳುವುದು.

ಗೋಡೆಯ ಮೇಲೆ ಏನು ಹಾಕುವುದು? ನೀರು ಎಷ್ಟು ಎತ್ತರ ಬಂತು ಅನ್ನುವ ಒಂದು ನೀಲಿ ಗೆರೆ, ಕೆಳಗೆ ತಾರೀಕು. ಇಷ್ಟೇ. ಆ ಎತ್ತರ ಕಂಡುಹಿಡಿಯುವುದರಲ್ಲೇ ನಿಜವಾದ ಕೆಲಸ ಇರುವುದು. ಅಜ್ಜಿ "ದೇವರ ಗೂಡಿನ ತನಕ ಬಂದಿತ್ತು" ಅಂದರೆ ಗೂಡಿನ ಎತ್ತರ ಅಳೆದುಕೊಳ್ಳಿ. ಪಕ್ಕದ ಮನೆಯವರನ್ನು ಬೇರೆಯಾಗಿ ಕೇಳಿ. ಒಬ್ಬರ ಎದುರು ಇನ್ನೊಬ್ಬರನ್ನು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ! ಎರಡು ಅಳತೆ ಹೊಂದಿದರೆ ಗಾರೆ ಕೆಲಸದವರು ಬಳಸುವ ಲೆವೆಲ್ ಪೈಪು ತರಿಸಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ಖಚಿತವಾದ ಗುರುತಿಗೆ ಹಿಡಿದು, ಇನ್ನೊಂದು ತುದಿಯನ್ನು ಎದುರು ಮನೆಯ ಗೋಡೆಗೆ ಹಿಡಿಯಿರಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮನೆಯಲ್ಲಿ ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲದಿದ್ದರೂ ಗೆರೆ ಎಲ್ಲಿ ಎಳೆಯಬೇಕು ಅಂತ ಸಿಕ್ಕಿತು. ಒಂದು ಎಚ್ಚರ: ಇದನ್ನು ಒಂದೇ ಗಲ್ಲಿಯೊಳಗೆ ಮಾತ್ರ ಮಾಡಿ. ಹರಿಯುವ ನೀರಿನ ಮೇಲ್ಮೈಗೂ ಇಳಿಜಾರು ಇರುತ್ತದೆ. ಲಕ್ಡಿ ಪೂಲ್ ಹತ್ತಿರದ ಮಟ್ಟವನ್ನು ಪೈಪಿನಲ್ಲಿ ಎಳೆದುಕೊಂಡು ಓಂಕಾರೇಶ್ವರಕ್ಕೆ ಒಯ್ದರೆ ಲೆಕ್ಕ ತಪ್ಪುತ್ತದೆ.

ಎಷ್ಟೋ ಹಳೆ ವಾಡೆಗಳು ಹೋಗಿ ಅಪಾರ್ಟ್‌ಮೆಂಟ್ ಬಂದಿವೆ. ಅಲ್ಲಿ ಗೆರೆ ಪಾರ್ಕಿಂಗ್ ಕಂಬದ ಮೇಲೆ ಬರುತ್ತದೆ. ಬರಲಿ ಬಿಡಿ. ತನ್ನ ಕಾರಿನ ಛಾವಣಿಗಿಂತ ಮೇಲೆ ಆ ಗೆರೆ ದಿನಾ ಕಂಡರೆ ಬಾಡಿಗೆಗೆ ಬಂದ ಹುಡುಗನೂ ಒಮ್ಮೆ ಕೇಳುತ್ತಾನೆ, ಇದೇನು ಅಂತ.

ಪ್ರಶ್ನೆ: ನದಿ ಪಕ್ಕದಲ್ಲೇ ಕಲ್ಲಿನ ಕಂಬ, ಬೆಂಚು, ಚಿಕ್ಕ ಸ್ಮಾರಕ ಕಟ್ಟಬಹುದಾ? ಪರವಾನಗಿ ಯಾರಿಂದ?
– ಓದುಗರು, ಸಿಂಹಗಡ ರಸ್ತೆ

ಉತ್ತರ: ನದಿ ಪಕ್ಕ ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಮಹಾರಾಷ್ಟ್ರದಲ್ಲಿ ಜಲಸಂಪನ್ಮೂಲ ಇಲಾಖೆ ನದಿಗೆ ಎರಡು ಗೆರೆ ಎಳೆದಿದೆ, ನಾನು ಮೇಲೆ ಹೇಳಿದ ಗೋಡೆಯ ನೀಲಿ ಗೆರೆ ಬೇರೆ, ಇದು ಬೇರೆ. ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ, ಕೆಂಪು ಗೆರೆ 100 ವರ್ಷಕ್ಕೊಮ್ಮೆಯದು. ನೀಲಿ ಗೆರೆಯ ಒಳಗೆ ಕಟ್ಟಡಕ್ಕೆ ಅವಕಾಶವಿಲ್ಲ. ಪ್ರವಾಹದ ಸ್ಮಾರಕವನ್ನೇ ತಂದು ಪ್ರವಾಹಕ್ಕೆ ಅಡ್ಡ ಕಟ್ಟಿದರೆ ನಗೆಪಾಟಲು, ಅಲ್ವಾ? ನಿಮ್ಮ ರಸ್ತೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 2024ರ ಜುಲೈನಲ್ಲಿ ಖಡಕವಾಸಲಾದಿಂದ ನೀರು ಬಿಟ್ಟಾಗ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿದ್ದು ನಿಮಗೇ ಗೊತ್ತು. ಕಂಬ, ಬೆಂಚು ಎಲ್ಲ ದಂಡೆಯ ಮೇಲಿನ ರಸ್ತೆ ಬದಿಗೆ ಬರಲಿ.

ಪರವಾನಗಿ: ಖಾಸಗಿ ಗೋಡೆಗೆ ಸೊಸೈಟಿಯ ಬರಹದ ಒಪ್ಪಿಗೆ. ಫುಟ್‌ಪಾತ್‌ಗೆ ಮಹಾನಗರಪಾಲಿಕೆಯ ವಾರ್ಡ್ ಕಚೇರಿ ಮತ್ತು ರಸ್ತೆ ವಿಭಾಗ. ಹಳೆ ದೇವಸ್ಥಾನದ ಗೋಡೆ ಮುಟ್ಟುವ ಮುಂಚೆ ಟ್ರಸ್ಟ್ ಮತ್ತು ಹೆರಿಟೇಜ್ ಸೆಲ್. ದುಡ್ಡಿನ ವಿಷಯಕ್ಕೆ ಬಂದರೆ, ಪುಣೆಯಲ್ಲಿ 2006ರಿಂದ ನಾಗರಿಕರು ಪಾಲಿಕೆಯ ಬಜೆಟ್‌ಗೆ ತಮ್ಮ ಬೀದಿಯ ಸಣ್ಣ ಕೆಲಸ ಸೂಚಿಸುವ ಪದ್ಧತಿ ಇದೆ. ಫುಟ್‌ಪಾತ್ ರಿಪೇರಿ, ಬೆಂಚು, ದೀಪ ಇವೆಲ್ಲ ಅದರಲ್ಲಿ ಬರುತ್ತವೆ. ಸ್ಮಾರಕ ಅಂತ ಬರೆದರೆ ಫೈಲು ಹತ್ತು ಟೇಬಲ್ ಸುತ್ತುತ್ತದೆ. ಫುಟ್‌ಪಾತ್ ದುರಸ್ತಿ ಅಂತ ಬರೆಯಿರಿ, ಗೋಡೆಯ ಗೆರೆಯ ಖರ್ಚು ನೀವೇ ಹಾಕಿಕೊಳ್ಳಿ. ಬಣ್ಣಕ್ಕೆ ಎಷ್ಟಾಗುತ್ತದೆ ಮಹಾ!

ಹಿತ್ತಾಳೆ ಫಲಕ ಮಾತ್ರ ಬೇಡ, ಕದ್ದುಕೊಂಡು ಹೋಗುತ್ತಾರೆ. ಕಪ್ಪು ಕಲ್ಲಿನಲ್ಲಿ ಕೊರೆಸಿ. ಮರಾಠಿ ಮೊದಲು, ಅದು ಊರಿನ ಭಾಷೆ. ಕನ್ನಡದಲ್ಲಿ ಕತೆ ಕೇಳಬೇಕು ಅನ್ನುವವರಿಗೆ ಕ್ಯೂಆರ್ ಕೋಡ್ ಹಾಕಿ ಅಜ್ಜಿಯ ದನಿಯನ್ನೇ ಕೇಳಿಸಿ.

ಪ್ರಶ್ನೆ: ನಡೆಯುವವರೂ ಸೈಕಲ್‌ನವರೂ ಒಂದೇ ಪಟ್ಟಿಯಲ್ಲಿ ಹೋಗಬಹುದಾ? ಸ್ಕೂಟರ್ ಬರದ ಹಾಗೆ ಕಂಬ ನೆಟ್ಟರೆ?
– ಓದುಗರು, ಕೊಥ್ರೂಡ್

ಉತ್ತರ: ಪೇಟೆಯ ಗಲ್ಲಿಯಲ್ಲಿ ಬೇರೆ ಸೈಕಲ್ ಪಟ್ಟಿಗೆ ಜಾಗವೇ ಇಲ್ಲ. ಅಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗಿ. ಫುಟ್‌ಪಾತ್‌ಗೆ ರಸ್ತೆಗಳ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ ಅಗಲ 1.8 ಮೀಟರ್. ಅದೂ ಟ್ರಾನ್ಸ್‌ಫಾರ್ಮರ್, ಮರ, ಅಂಗಡಿ ಬೋರ್ಡು ಎಲ್ಲ ಬಿಟ್ಟು ಉಳಿಯುವ ಅಗಲ. ಅಷ್ಟರಲ್ಲೇ ಸೈಕಲನ್ನೂ ತೂರಿಸಿದರೆ ಯಾರಿಗೂ ಸುಖವಿಲ್ಲ.

ಕಂಬದ ವಿಷಯ ಸ್ವಲ್ಪ ತಮಾಷೆ. ವ್ಹೀಲ್‌ಚೇರ್ ಹಾಯಲು ಕನಿಷ್ಠ 90 ಸೆಂ.ಮೀ. ಬಿಡಬೇಕು. ಸ್ಕೂಟರ್ ಅದಕ್ಕಿಂತ ಸಣ್ಣ ಸಂದಿಯಲ್ಲೂ ನುಗ್ಗುತ್ತದೆ. ಅಂದರೆ ಸ್ಕೂಟರ್ ತಡೆಯುವ ಕಂಬ ಮೊದಲು ತಡೆಯುವುದು ವ್ಹೀಲ್‌ಚೇರನ್ನೇ. ಕಂಬ ನೆಟ್ಟು ಕೈ ತೊಳೆದುಕೊಳ್ಳುವ ಬದಲು, ರಸ್ತೆಯ ಸಿಗ್ನಲ್ ಹತ್ತಿರ ಸ್ಕೂಟರ್‌ನವರು ಯಾಕೆ ಫುಟ್‌ಪಾತ್ ಹತ್ತುತ್ತಾರೆ ಅಂತ ನೋಡಿ. ಬಹಳ ಕಡೆ ಕಾರಣ ಒಂದೇ, ಡಬಲ್ ಪಾರ್ಕಿಂಗ್.

ಪ್ರಶ್ನೆ: ಪುಣೆಯ ಕನ್ನಡಿಗರ ನೆನಪನ್ನೂ ಇದೇ ಹಾದಿಗೆ ಸೇರಿಸಿ ಅಂತ ನಮ್ಮ ಬಳಗದ ಹಿರಿಯರು ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಓದುಗರು, ಎರಂಡವಣೆ

ಉತ್ತರ: ಸೇರಿಸಬೇಡಿ. ಹಿರಿಯರಿಗೆ ಬೇಜಾರಾಗದ ಹಾಗೆ ಬೇರೆ ಹಾದಿ ಮಾಡಿಕೊಡಿ, ಸರಕು ಬೇಕಾದಷ್ಟಿದೆ. ಫರ್ಗ್ಯುಸನ್ ಕಾಲೇಜಿನಲ್ಲಿ ಆಲೂರು ವೆಂಕಟರಾಯರು ಓದಿದರು, ಬೇಂದ್ರೆ ಓದಿದರು. ಕುಂದಗೋಳದ ಸವಾಯಿ ಗಂಧರ್ವರ ಸ್ಮಾರಕ ಶಿವಾಜಿನಗರದಲ್ಲಿದೆ. ಅವರ ಹೆಸರಿನ ಸಂಗೀತೋತ್ಸವವನ್ನು ಶಿಷ್ಯ ಭೀಮಸೇನ ಜೋಶಿ 1953ರಿಂದ ಇದೇ ಊರಿನಲ್ಲಿ ನಡೆಸಿಕೊಂಡು ಬಂದರು. ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಅಸ್ಪೃಶ್ಯತೆ ವಿರುದ್ಧ ಕೆಲಸ ಮಾಡಿದ ಅಹಲ್ಯಾಶ್ರಮ ನಾನಾ ಪೇಟೆಯಲ್ಲಿ. ಭಾನುವಾರ ಬೆಳಿಗ್ಗೆ ಸೈಕಲ್ ಮೇಲೆ ಆರಾಮಾಗಿ ಸುತ್ತಬಹುದು. ಇದಕ್ಕೆ ಫಲಕವೂ ಬೇಡ, ಒಂದು ನಕ್ಷೆ ಮತ್ತು ಕತೆ ಹೇಳಬಲ್ಲ ಒಬ್ಬರು ಇದ್ದರೆ ಸಾಕು.

ಪ್ರಶ್ನೆ: ಮುಂಬೈಯಲ್ಲಿ 1944ರ ಬಂದರಿನ ಡಾಕ್ ಸ್ಫೋಟದ ನೆನಪಿಗೆ ಸೈಕಲ್ ಸವಾರಿ ಮಾಡಬೇಕು ಅಂತಿದ್ದೇವೆ. ವಿಕ್ಟೋರಿಯಾ ಡಾಕ್ ಒಳಗೆ ಬಿಡುತ್ತಾರಾ?
– ಓದುಗರು, ಮಾಟುಂಗಾ

ಉತ್ತರ: ಬಂದರಿನ ಜಾಗ, ಪಾಸ್ ಇಲ್ಲದೆ ಬಿಡುವುದಿಲ್ಲ. ಒಳಗೆ ಹೋಗಲೇಬೇಕು ಅಂತಲೂ ಇಲ್ಲ. ಏಪ್ರಿಲ್ 14ರ ಸಂಜೆ 'ಫೋರ್ಟ್ ಸ್ಟಿಕಿನ್' ಹಡಗು ಸಿಡಿದಾಗ ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ದೇಶದಾದ್ಯಂತ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುವುದು ಅವರ ನೆನಪಿಗೇ. ನಿಮ್ಮ ಸವಾರಿ ಮಸೀದಿ ಬಂದರ್ ಕಡೆಯಿಂದ ಹೊರಟು ಭಾಯಖಳದ (ಬೈಕಲಾ) ಅಗ್ನಿಶಾಮಕ ಕೇಂದ್ರ ಕಚೇರಿಯಲ್ಲಿ ಮುಗಿಯಲಿ. ಮೊದಲೇ ಪತ್ರ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ವಾರದ ದಿನ ಮಸೀದಿ ಬಂದರ್‌ನಲ್ಲಿ ಕೈಗಾಡಿ, ಲಾರಿಗಳ ನಡುವೆ ಸೈಕಲ್ ಅಸಾಧ್ಯ, ಏಪ್ರಿಲ್ 14 ಯಾವ ವಾರ ಬಂದರೂ ಹತ್ತಿರದ ಭಾನುವಾರವೇ ಸರಿ. ಬೆಳಿಗ್ಗೆ ಎಂಟರೊಳಗೆ ಮುಗಿಸಿಬಿಡಿ, ಆಮೇಲೆ ಬಿಸಿಲು ಸುಡುತ್ತದೆ.

ನಾರಾಯಣ ಪೇಟೆಯವರಿಗೂ ತಾರೀಕಿನ ಬಗ್ಗೆ ಒಂದು ಮಾತು ಉಳಿಯಿತು. ಜುಲೈ 12 ಅಂದರೆ ಮಳೆಗಾಲ. ನಡಿಗೆ ಆ ದಿನವೇ ಮಾಡಿ, ಕೊಡೆ ಹಿಡಿದುಕೊಂಡು. ಸೈಕಲ್ ಸವಾರಿ ಡಿಸೆಂಬರಿಗೆ ಇಟ್ಟುಕೊಳ್ಳಿ. ಜುಲೈನಲ್ಲೇ ಆಗಬೇಕು ಅಂದರೆ ಹೊರಡುವ ಮುಂಚೆ ಖಡಕವಾಸಲಾದಿಂದ ಎಷ್ಟು ನೀರು ಬಿಟ್ಟಿದ್ದಾರೆ ಅಂತ ನೋಡಿಕೊಳ್ಳಿ. ನದಿಯ ತಗ್ಗು ಸೇತುವೆ ಭಿಡೆ ಪೂಲ್ ಮುಚ್ಚಿದ್ದರೆ ನದಿಪಾತ್ರದ ರಸ್ತೆಯ ಕಡೆ ತಲೆ ಹಾಕಬೇಡಿ.