ಮಗಳನ್ನು ಗೈಡ್ಸ್ ಕ್ಯಾಂಪಿಗೆ ಕಳಿಸಲೋ ಬೇಡವೋ?

ಈ ವಾರ ಉತ್ತರಿಸುವವರು: ಗೈಡ್ ಕ್ಯಾಪ್ಟನ್ (ಗೈಡ್ಸ್ ದಳ ನಡೆಸುವವರು) ಆಗಿರುವ ಶಿಕ್ಷಕಿ

ಪ್ರಶ್ನೆ: ಅಕ್ಕೋರೇ, ಮಗಳು ಏಳನೇ ಕ್ಲಾಸು. ಶಾಲೆಯಲ್ಲಿ ಗೈಡ್ಸ್ ಸೇರಿದ್ದಾಳೆ. ದಸರಾ ರಜೆಯಲ್ಲಿ ಬಾದಾಮಿ ಹತ್ತಿರ ಮೂರು ರಾತ್ರಿ ಕ್ಯಾಂಪ್ ಇದೆಯಂತೆ. ‘ಹೆಣ್ಣುಹುಡುಗಿ ಟೆಂಟಿನಾಗ ಮಲಗೋದೇನು’ ಅಂತ ಅತ್ತೆಯವರು ಬೇಡ ಅನ್ನುತ್ತಿದ್ದಾರೆ. ನನಗೂ ಅಳುಕು. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಲದೇ?
– ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ಸಾಲದು ತಾಯಿ. ಕ್ಯಾಂಪಿನ ಅರ್ಧ ಪಾಠ ಸಂಜೆಯ ಮೇಲೆಯೇ ಶುರುವಾಗುವುದು.

ಗೈಡ್ಸ್‌ನಲ್ಲಿ ಆರರಿಂದ ಎಂಟು ಹುಡುಗಿಯರದ್ದು ಒಂದು ಪ್ಯಾಟ್ರೋಲ್. ಅವರಲ್ಲೇ ಒಬ್ಬಳು ಲೀಡರ್. ಹಗಲಲ್ಲಿ ನಾವು ಹೇಳಿದ್ದು ಮಾಡಿದರೆ ಮುಗಿಯಿತು. ಸಂಜೆ ಹಾಗಲ್ಲ. ಮೋಡ ಕವಿದಿದೆ, ಟೆಂಟಿನ ಸುತ್ತ ಕಾಲುವೆ ತೋಡಬೇಕು. ಒಲೆ ಹೊತ್ತುತ್ತಿಲ್ಲ. ಕೊಡದಲ್ಲಿ ನೀರಿಲ್ಲ. ಒಬ್ಬಳು ಮನೆ ನೆನಪಾಗಿ ಅಳುತ್ತಿದ್ದಾಳೆ. ಯಾರು ನೀರಿಗೆ ಹೋಗಬೇಕು, ಯಾರು ಅವಳ ಹತ್ತಿರ ಕೂರಬೇಕು ಅಂತ ಹನ್ನೆರಡು ವರ್ಷದ ಹುಡುಗಿಯೇ ತೀರ್ಮಾನ ಮಾಡಬೇಕು. ನಾವು ನಾಲ್ಕು ಹೆಜ್ಜೆ ದೂರ ನಿಂತು ನೋಡುತ್ತಿರುತ್ತೇವೆ, ತೀರಾ ಬೇಕಾದರಷ್ಟೇ ಬಾಯಿ ಹಾಕುತ್ತೇವೆ.

ತಟ್ಟೆ ಇಡುವ ಸ್ಟ್ಯಾಂಡನ್ನೂ ಅವರೇ ಕಟ್ಟಬೇಕು. ನಿಂತ ಕೋಲಿಗೆ ಕ್ಲೋವ್ ಹಿಚ್ ಗಂಟು ಹಾಕಿ, ಅಡ್ಡಕೋಲು ಇಟ್ಟು, ಹಗ್ಗವನ್ನು ಮೂರು ಸುತ್ತು ಎಳೆದು ಸುತ್ತುತ್ತಾರೆ. ಆಮೇಲೆ ಎರಡು ಕೋಲುಗಳ ನಡುವೆ ಹಗ್ಗ ಹಾಯಿಸಿ ಎರಡು ಸುತ್ತು ಬಿಗಿಯುತ್ತಾರೆ. ಈ ಎರಡು ಸುತ್ತು ಸಡಿಲವಾದರೆ ಊಟದ ಹೊತ್ತಿಗೆ ಸ್ಟ್ಯಾಂಡು ವಾಲುತ್ತದೆ. ಯಾರೂ ಬೈಯಬೇಕಿಲ್ಲ. ತಾವೇ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಅತ್ತೆಯವರ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ಅವರ ಭಯಕ್ಕೆ ಉತ್ತರ ಕೊಡಬೇಕಾದ್ದು ಕ್ಯಾಂಪ್ ನಡೆಸುವವರು. ಅತ್ತೆಯವರನ್ನೂ ಕರೆದುಕೊಂಡೇ ಶಾಲೆಗೆ ಹೋಗಿ. ರಾತ್ರಿ ಮಕ್ಕಳ ಜೊತೆ ಯಾವ ಅಕ್ಕೋರು ಇರುತ್ತಾರೆ, ಶೌಚಾಲಯ ಎಷ್ಟು ದೂರ, ಅಲ್ಲಿ ಬೆಳಕಿದೆಯಾ, ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿಯಿಡೀ ಒಂದು ಗಾಡಿ ಅಲ್ಲೇ ಇರುತ್ತದಾ ಅಂತ ಕೇಳಿ. ಪಾಲಕರ ಒಪ್ಪಿಗೆ ಪತ್ರ ಕೇಳದೆ ಕರೆದೊಯ್ಯುವ ಕ್ಯಾಂಪಿಗೆ ಕಳಿಸಲೇಬೇಡಿ. ಬಂಡೆ ಹತ್ತಿಸುತ್ತೇವೆ ಅಂದರೆ ಹಗ್ಗ, ಹೆಲ್ಮೆಟ್, ತರಬೇತಿ ಪಡೆದವರು, ಮೂರೂ ಇರಲೇಬೇಕು. ಬಾದಾಮಿಯ ಕೆಂಪು ಮರಳುಗಲ್ಲು ಹತ್ತಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ ನಿಜ, ಆದರೆ ಸುಮ್ನೆ ಹತ್ತುವ ಕಲ್ಲಲ್ಲ ಅದು. ಹತ್ತದಿದ್ದರೂ ಮಕ್ಕಳಿಗೆ ಬೇಜಾರಾಗುವುದಿಲ್ಲ. ಕಲ್ಲು, ಕುರುಚಲು ಗಿಡಗಳ ನಡುವೆ ಸಿಡ್ಲಫಡಿ ಎಂಬ ಕಲ್ಲಾಸರೆಯವರೆಗೆ ನಡೆದು ಬರುವುದೇ ದೊಡ್ಡ ಖುಷಿ. ಮಂಗಗಳು ಕಸಿಯದಂತೆ ಬುತ್ತಿ ಕಾಯುವ ಕೆಲಸ ಬೇರೆ!

ನೀವು ಬರೆಯದಿದ್ದರೂ ಮನಸ್ಸಿನಲ್ಲಿ ಇರಬಹುದಾದ ಇನ್ನೊಂದು ಮಾತು, ಮುಟ್ಟು. ಪ್ಯಾಡು, ಒಂದು ಜೊತೆ ಹೆಚ್ಚಿನ ಬಟ್ಟೆ, ಕಾಗದದ ಚೀಲ ಬ್ಯಾಗಿನಲ್ಲಿಡಿ. ಕ್ಯಾಪ್ಟನ್‌ಗೆ ಮೊದಲೇ ಹೇಳಲು ಮಗಳಿಗೆ ತಿಳಿಸಿ. ಹೊಟ್ಟೆನೋವಿದ್ದರೆ ಅವಳು ಆ ದಿನ ಕೂತು ಒಲೆ ನೋಡಿಕೊಳ್ಳಲಿ. ಕ್ಯಾಂಪ್ ತಪ್ಪಿಸಲು ಅದು ಕಾರಣವಲ್ಲ.

ಏಪ್ರಿಲ್–ಮೇ ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಆ ಬಿಸಿಲಿಗೆ ಬಂಡೆಗಳು ರಾತ್ರಿಯೂ ಕಾದಿರುತ್ತವೆ. ದಸರಾ ರಜೆ ಒಳ್ಳೆಯ ಕಾಲ.

ಪ್ರಶ್ನೆ: ಮಗನ ಶಾಲೆಯಲ್ಲಿ ಸ್ಕೌಟ್ಸ್ ಇದೆ. ಮಗಳ ಶಾಲೆಯಲ್ಲಿ ಏನೂ ಇಲ್ಲ. ಅಮೆರಿಕದಲ್ಲಿ ಹುಡುಗಿಯರೂ ಸ್ಕೌಟ್ಸ್ ಸೇರುತ್ತಾರಂತೆ. ನಮ್ಮಲ್ಲಿ?
– ಒಬ್ಬ ತಂದೆ, ಟಿಳಕವಾಡಿ, ಬೆಳಗಾವಿ

ಉತ್ತರ: ಹೌದು, ಅಲ್ಲಿ 2019ರಿಂದ ಸೇರಿಸಿಕೊಳ್ಳುತ್ತಿದ್ದಾರೆ. ನಮ್ಮ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಒಂದೇ ಸಂಸ್ಥೆ. ಒಳಗೆ ಹುಡುಗರಿಗೆ ಸ್ಕೌಟ್, ಹುಡುಗಿಯರಿಗೆ ಗೈಡ್. ಚಿಕ್ಕ ಹುಡುಗಿಯರು ಬುಲ್‌ಬುಲ್, ಹತ್ತು ತುಂಬಿದವರು ಗೈಡ್ಸ್. ಹುಡುಗಿಯರದ್ದು ಕಡಿಮೆ ಕಲಿಕೆ ಅಂತ ತಿಳಿಯಬೇಡಿ. ಗಂಟು, ನಕ್ಷೆ, ದಿಕ್ಸೂಚಿ, ಪ್ರಥಮ ಚಿಕಿತ್ಸೆ ಎಲ್ಲ ಇವರಿಗೂ ಇದೆ.

ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಿ. ಒಬ್ಬ ಶಿಕ್ಷಕಿ ಗೈಡ್ ಕ್ಯಾಪ್ಟನ್ ತರಬೇತಿಗೆ ಹೋಗಲು ಒಪ್ಪಿದರೆ ಜಿಲ್ಲಾ ಸಂಸ್ಥೆಯಲ್ಲಿ ನೋಂದಾಯಿಸಿ ದಳ ಶುರು ಮಾಡಬಹುದು. ಅದಾಗದಿದ್ದರೆ ಶಾಲೆಯ ಹೊರಗೆ ನಡೆಯುವ ಓಪನ್ ದಳ ಇದೆಯಾ ಅಂತ ಅಲ್ಲೇ ವಿಚಾರಿಸಿ. ಒಬ್ಬರೇ ಹೋಗಬೇಡಿ, ಇನ್ನೂ ನಾಲ್ಕಾರು ಪಾಲಕರನ್ನು ಕರೆದುಕೊಂಡು ಹೋಗಿ. ಕೇಳಿದ್ದಕ್ಕೇ ಗೈಡ್ಸ್ ಹುಟ್ಟಿದ್ದು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ಮೇಳ ನಡೆದಾಗ ಕೆಲವು ಹುಡುಗಿಯರು ಕರೆಯದೆ ಬಂದು, ನಮಗೂ ಬೇಕು ಅಂದರು. ಮರುವರ್ಷವೇ ಗರ್ಲ್ ಗೈಡ್ಸ್ ಶುರುವಾಯಿತು. ಗೈಡ್ಸ್‌ನ ಐದು ವಿಶ್ವ ಕೇಂದ್ರಗಳಲ್ಲಿ ಒಂದಾದ ‘ಸಂಗಮ್’ ಇರುವುದು ಪುಣೆಯಲ್ಲಿ. ಬೆಳಗಾವಿಯವರಿಗೆ ಅದೇನು ದೂರ? ಮಗಳಿಗೆ ಒಮ್ಮೆ ಅದರ ಬಗ್ಗೆ ಹೇಳಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನಾಲ್ಕು ಜನರ ಮುಂದೆ ಮಾತಾಡಲು ಹೆದರಿಕೆ. ನಾನು ಲೀಡರ್ ಆಗಬಹುದಾ? ಈಗ ಸೇರಿದರೆ ತಡ ಆಯ್ತಾ?
– ಒಬ್ಬ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗೀ, ತಡ ಆಗಿಲ್ಲ. ಆದರೆ ಪ್ರವೇಶ, ಮೂರು ಸೋಪಾನ ಎಂಬ ಹಂತಗಳನ್ನು ದಾಟಿಯೇ ರಾಜ್ಯ ಪುರಸ್ಕಾರ ಎಂಬ ಪ್ರಶಸ್ತಿಗೆ ಹೋಗಬೇಕು, ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಸ್ಸೆಸ್ಸೆಲ್ಸಿ ಮುಂದಿಟ್ಟುಕೊಂಡು ಪುರಸ್ಕಾರದ ಹಿಂದೆ ಓಡಬೇಡ. ಕಾಲೇಜಿನಲ್ಲಿ ದೊಡ್ಡ ಹುಡುಗಿಯರ ವಿಭಾಗ ರೇಂಜರ್ಸ್ ಇದೆ, ಮುಂದುವರಿಸಬಹುದು.

ಜೋರಾಗಿ ಮಾತಾಡುವವಳೇ ಒಳ್ಳೆಯ ಲೀಡರ್ ಅಂತೇನಿಲ್ಲ. ಯಾರು ಊಟ ಮಾಡಿಲ್ಲ, ಯಾರ ಕಾಲು ತರಚಿದೆ ಅಂತ ಗಮನಿಸುವವಳ ಮಾತನ್ನೇ ಹುಡುಗಿಯರು ಕೇಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮೊದಲ ಕ್ಯಾಂಪಿನಲ್ಲಿ ಅಡುಗೆ ಸಾಮಾನಿನ ಲೆಕ್ಕ ನಿನಗೇ ಕೊಡಲು ಕ್ಯಾಪ್ಟನ್‌ಗೆ ಕೇಳು. ಇಷ್ಟು ಅಕ್ಕಿ ಉಳಿದಿದೆ, ಎಣ್ಣೆ ನಾಳೆಗೆ ಸಾಲದು ಅಂತ ದಿನಾ ರಾತ್ರಿ ನಿಮ್ಮ ಪ್ಯಾಟ್ರೋಲ್ ಮುಂದೆ ಹೇಳಬೇಕಾಗುತ್ತದೆ. ಏಳೇ ಜನ, ಅದೂ ನಿನ್ನ ಗೆಳತಿಯರೇ. ಮಾತಾಡುವ ರೂಢಿ ಅಲ್ಲಿಂದಲೇ ಶುರುವಾಗಲಿ.