ಹಳೆಯ ಹೊಲದಲ್ಲಿ ಕಾಡು ಬೆಳೆಸುವ ಕುರಿತು

ದಶಕಗಳ ಕಾಲ ಉಳುಮೆಯಾದ ಜಮೀನಿನಲ್ಲಿ ಒಂದೇ ಜಾತಿಯ ಸಸಿಗಳನ್ನು ನೆಟ್ಟು ಬೇಗನೆ ಕಾಡು ಬೆಳೆಸಬಹುದೇ ಎಂದು ತಾವು ಕೇಳಿದ್ದೀರಿ. ಮರಗಳು ಮೇಲೆದ್ದ ಮಾತ್ರಕ್ಕೆ ಮಣ್ಣು ತನ್ನ ಹಿಂದಿನ ಬೇಸಾಯವನ್ನು ಮರೆಯುವುದಿಲ್ಲ: ಈಶಾನ್ಯ ಫ್ರಾನ್ಸಿನಲ್ಲಿ ರೋಮನ್ನರ ಕಾಲದಲ್ಲಿ ಸಾಗುವಳಿಯಾಗಿ ಆಮೇಲೆ ಕಾಡಾದ ನೆಲದಲ್ಲಿ, ಸುಮಾರು 2000 ವರ್ಷಗಳ ನಂತರವೂ ರಂಜಕದ ಪ್ರಮಾಣ ಮತ್ತು ನೆಲಮಟ್ಟದ ಸಸ್ಯಗಳ ಬಗೆ ಸುತ್ತಲಿನ ಕಾಡಿಗಿಂತ ಭಿನ್ನವಾಗಿರುವುದು ಕಂಡುಬಂದಿದೆ. ಆದ್ದರಿಂದ ಸಸಿಗಳನ್ನು ಆರಿಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಏಕಜಾತಿಯ ನೆಡುತೋಪನ್ನು ಮಾತ್ರ ನಾನು ಖಂಡಿತ ಸೂಚಿಸಲಾರೆ. ಆಗ್ನೇಯ ಚೀನಾದಲ್ಲಿ 2009ರಲ್ಲಿ ಆರಂಭವಾದ ಪ್ರಯೋಗದಲ್ಲಿ, 16 ಜಾತಿಗಳನ್ನು ಬೆರೆಸಿ ನೆಟ್ಟ ತಾಕುಗಳು ಎಂಟು ವರ್ಷಗಳಲ್ಲಿ ಏಕಜಾತಿಯ ತಾಕುಗಳ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಇಂಗಾಲವನ್ನು ಸಂಗ್ರಹಿಸಿದ್ದವು. ಪಕ್ಕದಲ್ಲಿ ಹಳೆಯ ಕಾಡಿದ್ದರೆ, ಅಲ್ಲಿಂದ ಬೀಜ ಬಂದು ತಾನಾಗಿ ಹುಟ್ಟಿದ ಸಸಿಗಳನ್ನು ದಯವಿಟ್ಟು ಕೀಳಬೇಡಿ, ಅವುಗಳ ನಡುವಿನ ತೆರಪಿನಲ್ಲಷ್ಟೇ ಹೊಸದನ್ನು ನೆಡಿ.