ಮಳೆ ವರದಿ ಸೇರುತ್ತದೆ, ಮೊತ್ತ ಮಾತ್ರ ಬರುವುದಿಲ್ಲ: ಹ್ಯಾಂಡ್ಲರ್ ಕುರಿತು ಉತ್ತರ

ತೀರ್ಥಹಳ್ಳಿಯ ಸ್ನೇಹಿತರೇ, ಆಗುಂಬೆ, ಹೊಸನಗರ, ಸಾಗರದ ಮಳೆಮಾಪಕಗಳ ವರದಿ ನಿಮ್ಮ ಎಒ ಪ್ರೊಸೆಸ್‌ಗೆ (ಎಒ ಎಂಬ ವಿಕೇಂದ್ರೀಕೃತ ಗಣಕ ಜಾಲದಲ್ಲಿ ಸಂದೇಶಗಳನ್ನು ಪಡೆದು ನಡೆಯುವ ಪ್ರೋಗ್ರಾಂ) ಸೇರುತ್ತಿದೆ, ತಿಂಗಳ ಮೊತ್ತ ಕೇಳಿದರೆ ಮಾತ್ರ ಉತ್ತರವಿಲ್ಲ ಎಂದಿದ್ದೀರಿ. ನೀವು ಹಾಕಿದ, ಲೂವಾ ಭಾಷೆಯ ಕೋಡ್ ನೋಡಿದೆ. ಮೊತ್ತದ ಹ್ಯಾಂಡ್ಲರ್, ಅಂದರೆ ಆ ಬಗೆಯ ಸಂದೇಶ ಬಂದಾಗ ನಡೆಯುವ ಕೋಡ್‌ನ ತುಣುಕು, ಸರಿಯಾಗಿಯೇ ಇದೆ. ಅದಕ್ಕೆ ಸರದಿಯೇ ಸಿಗುತ್ತಿಲ್ಲ.

ಹ್ಯಾಂಡ್ಲರನ್ನು ಪಟ್ಟಿಗೆ ಸೇರಿಸುವ ಹ್ಯಾಂಡ್ಲರ್ಸ್.ಆಡ್‌ಗೆ ಹೆಸರು, ಸಂದೇಶವನ್ನು ಗುರುತಿಸುವ ಷರತ್ತು, ಆಮೇಲೆ ನಡೆಯಬೇಕಾದ ಫಂಕ್ಷನ್ ಇಷ್ಟನ್ನು ಕೊಡುತ್ತೇವೆ. ಬಂದ ಸಂದೇಶವನ್ನು ಪಟ್ಟಿಯ ಮೇಲಿನಿಂದ ಒಂದೊಂದೇ ಷರತ್ತಿಗೆ ಹಿಡಿದು ನೋಡಲಾಗುತ್ತದೆ. ಒಂದು ಹೊಂದಿತೆಂದರೆ, 'ಕಂಟಿನ್ಯೂ' ಎಂದು ಹೇಳಿರದ ಹೊರತು ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊದಲಿರುವ ವರದಿ ಹ್ಯಾಂಡ್ಲರ್‌ನ ಷರತ್ತು 'ಫ್ರಮ್ (ಕಳುಹಿಸಿದವರ ವಿಳಾಸ) ಇದ್ದರೆ ಸಾಕು' ಎನ್ನುತ್ತದೆ. ಕಳುಹಿಸಿದವರಿಲ್ಲದ ಸಂದೇಶ ಎಲ್ಲಿದೆ ಮಾರಾಯರೇ! ಮೊತ್ತದ ಪ್ರಶ್ನೆಯೂ ಮಳೆಯ ವರದಿಯೆಂದೇ ಅಲ್ಲಿ ಸಿಕ್ಕಿಬೀಳುತ್ತಿದೆ.

ವರದಿ, ಮೊತ್ತ ಎರಡಕ್ಕೂ ಬೇರೆ ಬೇರೆ 'ಆಕ್ಷನ್' ಟ್ಯಾಗ್ (ಸಂದೇಶ ಯಾವ ಕೆಲಸಕ್ಕೆಂದು ಹೇಳುವ ಚೀಟಿ) ಇಟ್ಟು, ಷರತ್ತಿನಲ್ಲಿ ಅದನ್ನೇ ನೋಡಿ. ತಿದ್ದುವಾಗ ಹ್ಯಾಂಡ್ಲರ್‌ನ ಹೆಸರು ಬದಲಿಸಬೇಡಿ: ಅದೇ ಹೆಸರಿದ್ದರೆ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ, ಹೆಸರು ಬೇರೆಯಾದರೆ ಹಳೆಯದು ಪಟ್ಟಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಅನುಮಾನವಿದ್ದರೆ ಆ ಪಟ್ಟಿಯನ್ನೇ, ಅಂದರೆ ಹ್ಯಾಂಡ್ಲರ್ಸ್.ಲಿಸ್ಟ್ ನೋಡಿ. ಯಾವ ಷರತ್ತಿಗೂ ಸಿಗದ ಸಂದೇಶ ಪ್ರೊಸೆಸ್‌ನ ಇನ್‌ಬಾಕ್ಸ್‌ಗೆ ಬೀಳುತ್ತದೆ. ಟ್ಯಾಗ್‌ನ ಕಾಗುಣಿತ ತಪ್ಪಿದ್ದರೆ ಗೊತ್ತಾಗುವುದು ಅಲ್ಲಿಯೇ.

ನೀವು ಕೇಳದಿದ್ದರೂ ಹೇಳುತ್ತೇನೆ, ನನಗೆ ಹೆಚ್ಚು ಆತಂಕ ತಂದದ್ದು ವರದಿ ಸೇರಿಸುವ ಫಂಕ್ಷನ್. ಪ್ರೊಸೆಸ್‌ನ ಐಡಿ ತಿಳಿದ ಯಾರು ಬೇಕಾದರೂ ಸಂದೇಶ ಕಳುಹಿಸಬಹುದು. 'ಊರು: ಆಗುಂಬೆ' ಎಂಬ ಟ್ಯಾಗ್ ನಂಬಿ ಮಿಲಿಮೀಟರ್ ಕೂಡಿಸಬೇಡಿ, ಅಳತೆಗಾರರ ವಿಳಾಸಗಳ ಪಟ್ಟಿ ಇಟ್ಟುಕೊಂಡು ಫ್ರಮ್ ಅದರಲ್ಲಿದೆಯೇ ಎಂದು ನೋಡಿ. ಟ್ಯಾಗ್‌ನಲ್ಲಿ ಬರುವ ಅಂಕಿ ಅಕ್ಷರರೂಪದಲ್ಲಿರುತ್ತದೆ, ಲೂವಾದ ಟುನಂಬರ್ ಫಂಕ್ಷನ್ ಮೂಲಕ ಸಂಖ್ಯೆಯಾಗಿಸಿ, ಆಗದಿದ್ದರೆ ತಿರಸ್ಕರಿಸಿ.

ಇನ್ನು ನಮ್ಮ ಕಡೆಯ ಕಥೆ ಗೊತ್ತೇ ಇದೆ: ಆಷಾಢದಲ್ಲಿ ನೆಟ್‌ವರ್ಕ್ ಹೋಗುತ್ತದೆ, ಬಂದ ಮೇಲೆ ಒಂದೇ ವರದಿಯನ್ನು ಎರಡೆರಡು ಸಲ ಒತ್ತುತ್ತಾರೆ. ಹಾಗಾಗಿ ಬಂದದ್ದನ್ನೆಲ್ಲ ಕೂಡಿಸುತ್ತಾ ಹೋಗುವ ಬದಲು ಊರು ಮತ್ತು ದಿನಾಂಕವನ್ನೇ ಕೀಲಿಯಾಗಿಸಿ (ಅಂಕಿ ಇಡುವ ಜಾಗದ ಗುರುತಾಗಿಸಿ); ಎರಡನೆಯ ಸಲ ಬಂದದ್ದು ಅದೇ ಜಾಗದಲ್ಲಿ ಕೂರುತ್ತದೆ. ದಿನಾಂಕವನ್ನು ಅಳೆದವರೇ ಬರೆಯಲಿ, ಸಂದೇಶ ತಲುಪಿದ ಹೊತ್ತನ್ನು ನೆಚ್ಚಬೇಡಿ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗಿನ 24 ಗಂಟೆಯನ್ನು ಎಲ್ಲರೂ ಪಾಲಿಸಿದರೆ ಊರೂರಿನ ಹೋಲಿಕೆಗೆ ಅರ್ಥ ಬರುತ್ತದೆ.

ತಿದ್ದಿದ ಕಡತ ಲೋಡ್ ಮಾಡುವ ಮೊದಲು ಅದರ ತಲೆಯಲ್ಲಿರುವ, ಅಂಕಿಗಳನ್ನು ಇಟ್ಟುಕೊಳ್ಳುವ 'ಮಳೆ' ಟೇಬಲ್ಲಿನ ಸಾಲು ನೋಡಿ. ಅಲ್ಲಿ ಖಾಲಿ ಟೇಬಲ್ ಮಾತ್ರ ಕೊಟ್ಟಿದ್ದೀರಿ. ಹಾಗೆಯೇ ಲೋಡ್ ಮಾಡಿದರೆ ಜೂನ್‌ನಿಂದ ಕೂಡಿದ ಲೆಕ್ಕ ಪ್ರೊಸೆಸ್‌ನ ನೆನಪಿನಿಂದ ಅಳಿಯುತ್ತದೆ. ಮೊದಲೇ ಇರುವ ಟೇಬಲ್, ಇಲ್ಲದಿದ್ದರೆ ಮಾತ್ರ ಖಾಲಿಯದು ಎಂಬಂತೆ ಲೂವಾದ 'ಆರ್' (ಅಥವಾ) ಪದ ಹಾಕಿ, ಆಮೇಲೆ ಲೋಡ್ ಮಾಡಿ.